ಹಗೇವಿನ ಗಾಳಿ

ನನ್ನ ಉಪನ್ಯಾಸ ಬೆಳಿಗ್ಗೆ ಹತ್ತಕ್ಕೆ ಶುರು. ಹತ್ತಕ್ಕೇ ಬಾಗಿಲು ಹಾಕಿಸುತ್ತೇನೆ. ತಡವಾಗಿ ಬಂದವರು ಚಹಾದ ಬಿಡುವಿನವರೆಗೆ ಹೊರಗೆ ಕೂರಬೇಕು. ಇದಕ್ಕಾಗಿ ಬೆನ್ನ ಹಿಂದೆ ನನಗೆ ಏನೇನು ಹೆಸರಿಟ್ಟಿದ್ದಾರೆಂದು ಗೊತ್ತಿದೆ. ಆದರೆ ಕಲಸಿದ ಕಾಂಕ್ರೀಟು ಯಾರದೋ ಬಸ್ಸು ತಡವಾಯಿತೆಂದು ಕಾಯುವುದಿಲ್ಲ. ಬಂದವರು ಮೊದಲು ಅದನ್ನು ಕಲಿಯಲಿ ಎಂದು ಈ ಪದ್ಧತಿಯನ್ನು ಬಿಟ್ಟಿಲ್ಲ.

ಪಾಲಿಟೆಕ್ನಿಕ್ಕಿನಲ್ಲಿ ಮಣ್ಣು ಮತ್ತು ಅಡಿಪಾಯದ ವಿಷಯ ಕಲಿಸಿ ನಿವೃತ್ತನಾದೆ. ಆಮೇಲೆ ಈ ಭಾಗದ ಎಂಜಿನಿಯರುಗಳು, ಗುತ್ತಿಗೆದಾರರು ಸೇರಿ ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ನನ್ನಿಂದ ನಾಲ್ಕು ಉಪನ್ಯಾಸ ಮಾಡಿಸುತ್ತಾರೆ. ಬೈಲಹೊಂಗಲದಲ್ಲಿ ಮಣ್ಣಿನ ಪರೀಕ್ಷೆ, ಕಿತ್ತೂರಿನಲ್ಲಿ ಅಡಿಪಾಯ, ಸವದತ್ತಿಯಲ್ಲಿ ಎರೆಭೂಮಿಗೆ ಹಾಕುವ ಪೈಲುಗಳು, ಕೊನೆಗೆ ರಾಮದುರ್ಗದಲ್ಲಿ ಸುರಂಗ. ಈ ಕಡೆಯ ಡಿಪ್ಲೊಮಾ ಹುಡುಗರು ಈಗ ಉತ್ತರದ ಬೆಟ್ಟಗಳಲ್ಲಿ ರೈಲು ಸುರಂಗಗಳ ಕೆಲಸಕ್ಕೆ ಹೋಗುತ್ತಾರೆ. ಅವರ ಒತ್ತಾಯಕ್ಕೆ ಆ ಕೊನೆಯ ಪಾಠ ಸೇರಿತು. ನಾನು ಸುರಂಗದ ಮನುಷ್ಯನಲ್ಲ. ಇಡೀ ನೌಕರಿಯನ್ನು ಸುರಂಗಗಳಲ್ಲೇ ಕಳೆದ ಗೆಳೆಯನೊಬ್ಬನಿದ್ದಾನೆ. ಅವನಿಂದ ಕೇಳಿ ತಿಳಿದು, ಅವನು ಕಳಿಸಿದ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿ ಹೇಳುತ್ತೇನೆ.

ನಾಲ್ಕು ಊರಿಗೂ ಸಾಮಾನ್ಯವಾದ ಒಂದು ಮಾತನ್ನು ಪ್ರತಿ ವರ್ಷ ಹೇಳುತ್ತೇನೆ. ಅಡಿಪಾಯದ ಗುಂಡಿ ತೋಡಿಯಾದ ಮೇಲೆ, ಕಾಂಕ್ರೀಟು ಸುರಿಯುವ ಮೊದಲು, ಎಂಜಿನಿಯರು ತಾನೇ ತಳಕ್ಕೆ ಇಳಿಯಬೇಕು. ಮೇಲೆ ನಿಂತು ಇಣುಕಿ ನೋಡಿ ಹೂಂ ಅನ್ನಬಾರದು. ತಳದ ಮಣ್ಣನ್ನು ಕೈಯಲ್ಲಿ ಹಿಡಿದು ಹಿಚುಕಬೇಕು. ಮೂಲೆಗಳಿಗೂ ನಡುವಿಗೂ ಹಾರೆ ಹಾಕಿ, ಅದು ಎಷ್ಟು ಇಳಿಯುತ್ತದೆ, ಎಂಥ ಸದ್ದು ಬರುತ್ತದೆ ಎಂದು ನೋಡಬೇಕು. ಇದು ಸರಿಯಾದ ಮಾತು. ಈಗಲೂ ಸರಿಯೆಂದೇ ಹೇಳುತ್ತೇನೆ.

ಈ ಮಾತನ್ನು ತಪ್ಪದೆ ಪಾಲಿಸಿದ ಹುಡುಗನೊಬ್ಬನಿದ್ದ. ಸಿರಸಂಗಿಯ ಆಚೆಯ ಒಂದು ಊರಿನವನು. ಡಿಪ್ಲೊಮಾ ಮುಗಿಸಿ ಸವದತ್ತಿ ತಾಲೂಕಿನಲ್ಲಿ ಸಣ್ಣಪುಟ್ಟ ಮನೆಗಳ ಕೆಲಸ ನೋಡಿಕೊಳ್ಳುತ್ತಿದ್ದ. ನನ್ನ ಪಾಠಗಳಿಗೆ ಬಾಗಿಲು ಹಾಕುವ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದ. ಒಮ್ಮೆ ಅವನ ಮೋಟರ್ ಸೈಕಲ್ಲಿಗೆ ಹಾರೆಯೊಂದನ್ನು ಕಟ್ಟಿದ್ದು ಕಂಡು ಏನಿದು ಎಂದು ಕೇಳಿದೆ. "ಗೌಂಡಿಗೆ ಹಾರಿ ಕೇಳಿದ್ರ ನಾಳಿ ತರತೇನಿ ಅಂತಾನ್ರಿ ಸರ್. ಅದಕ್ಕ ನಂದ ಒಂದು ತಗೊಂಡೇನಿ," ಎಂದು ನಕ್ಕಿದ್ದ. ಹಾರೆ ಹೊತ್ತು ಪಾಠಕ್ಕೆ ಬಂದ ಎಂಜಿನಿಯರನ್ನು ನಾನು ಅವನೊಬ್ಬನನ್ನೇ ನೋಡಿದ್ದು.

ಅವನು ಸತ್ತದ್ದು ಹೀಗೆ.

ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜಕ್ಕೆ ನಮ್ಮ ಕಡೆ ಹಗೇವು ಎನ್ನುತ್ತಾರೆ. ಗಟ್ಟಿ ಗರಸಿನ, ಎಂದರೆ ಜಲ್ಲಿಮಣ್ಣಿನ, ನೆಲದಲ್ಲಿ ಹೂಜಿಯ ಆಕಾರಕ್ಕೆ ತೋಡುತ್ತಿದ್ದರು. ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು, ಎರಡಾಳು ಆಳ. ಜೋಳ ತುಂಬಿ, ಮೇಲೆ ಹುಲ್ಲು ಹಾಸಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ಕಳ್ಳರ ಭಯಕ್ಕೆ ಗುರುತು ಸಿಗದ ಹಾಗೆ ಅದರ ಮೇಲೆ ದನ ಕಟ್ಟುತ್ತಿದ್ದರು. ಜಾಗ ಮನೆಯ ಹಿರಿಯನಿಗೆ ಮಾತ್ರ ಗೊತ್ತು. ಕಾಲ ಬದಲಾಗಿ ಹಗೇವಿನ ಬಳಕೆ ನಿಂತಾಗ ಎಷ್ಟೋ ಮನೆಯವರು ಅದನ್ನು ಮಣ್ಣಿನಿಂದ ತುಂಬಲಿಲ್ಲ. ಅನ್ನ ಕೊಟ್ಟ ಹೊಟ್ಟೆಗೆ ಮಣ್ಣು ಹಾಕುವುದು ಹೇಗೆ ಎಂಬ ಅಳುಕು. ಬರಿದಾಗಿ ಬಿಡಬಾರದೆಂದು ತಳದಲ್ಲಿ ಒಂದಿಷ್ಟು ಜೋಳ ಉಳಿಸಿ, ಪೂಜೆ ಮಾಡಿ, ಕಲ್ಲು ಮುಚ್ಚಿ ಸುಮ್ಮನಾದರು. ಆ ಜೋಳ ಹಸಿ ಹಿಡಿದು ಕೊಳೆಯುತ್ತದೆ. ಕೊಳೆಯುತ್ತಾ ಒಳಗಿನ ಒಳ್ಳೆಯ ಗಾಳಿಯನ್ನೆಲ್ಲ ತಿಂದುಹಾಕುತ್ತದೆ.

ಹುಡುಗನಿಗೆ ತನ್ನ ಊರಿನಲ್ಲೇ ಒಂದು ಕೆಲಸ ಸಿಕ್ಕಿತ್ತು. ಅವನ ಮನೆಯ ಅಡುಗೆಮನೆಯ ಹಿಂದಿನ ಗೋಡೆಗೆ ಹೊಂದಿಕೊಂಡ, ನೆರೆಯವರ ಜಾಗ. ಅಲ್ಲಿದ್ದ ಹಳೆಯ ದನದ ಕೊಟ್ಟಿಗೆಯನ್ನು ಕೆಡವಿ ಮನೆ ಕಟ್ಟುತ್ತಿದ್ದರು. ಹಗೇವು ಎಲ್ಲಿದೆ ಎಂದು ಅವನು ಮನೆಯವರನ್ನು ಮೊದಲೇ ಕೇಳಿದ್ದ. ಅವರು ಅಂಗಳದಲ್ಲಿದ್ದ ಒಂದನ್ನು ತೋರಿಸಿದ್ದರು. ಅದನ್ನು ತೆಗೆಸಿ ಗರಸು ತುಂಬಿಸಿದ್ದ. ಕೊಟ್ಟಿಗೆಯ ಅಡಿಯಲ್ಲಿ ಇನ್ನೊಂದಿದ್ದದ್ದು ಅವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಅಜ್ಜ ಅದನ್ನು ಯಾರಿಗೂ ಹೇಳದೆ ತೀರಿಕೊಂಡಿದ್ದ. ಆ ದಿನ ಕೆಲಸದವರು ರಸ್ತೆಯ ಬದಿಯಲ್ಲಿ ಮಿಕ್ಸರ್ ಮಶೀನು ಹಚ್ಚಿಕೊಂಡಿದ್ದರು. ಇವನು ಹಿಂದಿನ ಮೂಲೆಯ ಗುಂಡಿಗೆ ಒಬ್ಬನೇ ಇಳಿದು ಹಾರೆ ಹಾಕಿದ. ತಳ ಕುಸಿಯಿತು. ಮಶೀನಿನ ಸದ್ದಿಗೆ ಅವರಿಗೆ ಏನೂ ಕೇಳಿಸಲಿಲ್ಲ. ಏನೋ ಕೇಳಲು ಬಂದ ಗಾರೆಕೆಲಸದ ಗೌಂಡಿಗೆ ಗುಂಡಿಯಲ್ಲಿ ಕಂಡದ್ದು ಒಂದು ಕಪ್ಪು ತೂತು ಮಾತ್ರ.

ಸುದ್ದಿ ನನಗೆ ಮೊಬೈಲಿನ ಗುಂಪಿನಲ್ಲಿ ಬಂತು. ಮೂರನೆಯ ದಿನ ಹೋಗಿ, ಮಂದಿಯ ನಡುವೆ ಸ್ವಲ್ಪ ಹೊತ್ತು ನಿಂತು, ಯಾರ ಜೊತೆಗೂ ಮಾತಾಡದೆ ಬಂದೆ. ತಂದೆತಾಯಿಗೆ ನಾನು ಯಾರೆಂದು ತಿಳಿದಿರಲಿಕ್ಕಿಲ್ಲ.

ಆ ವರ್ಷದ ಉಪನ್ಯಾಸಗಳು ಬೈಲಹೊಂಗಲದಲ್ಲಿ ಎಂದಿನಂತೆ ಶುರುವಾದವು. ಪಾಠ ಮುಗಿಸಿ ಹೊರಗೆ ಬಂದಾಗ ಪಡಸಾಲೆಯ ಬೆಂಚಿನ ಮೇಲೆ ಒಬ್ಬರು ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಧೋತರ, ತೊಡೆಯ ಮೇಲೆ ಬಟ್ಟೆಯ ಚೀಲ.

"ತಡಾ ಆಗಿ ಬಂದಾರ್ರಿ ಸರ್. ಬಾಗಲಾ ಹಾಕಿತ್ತು," ಎಂದ ಕಾವಲುಗಾರ. "ಚಾದ ಹೊತ್ತಿನಾಗ ಒಳಗ ಹೋಗ್ರಿ ಅಂದೆ. ಇರಲಿ ಬಿಡಪಾ, ಅವರ ನೇಮ ಅವರಿಗೆ ಅಂದ್ರು."

"ಯಾರನ್ನ ಕಾಯಾಕತ್ತೀರಿ ಯಜಮಾನ್ರ?" ಎಂದೆ.

ಅವರು ಎದ್ದು ನಿಂತು ತಮ್ಮ ಊರಿನ ಹೆಸರು ಹೇಳಿದರು. ಆಮೇಲೆ ಮಗನ ಹೆಸರು ಹೇಳಿ, ಅವನ ಬಾಯಲ್ಲಿ ನಿಮ್ಮ ಹೆಸರು ಕೇಳಿದ್ದೆ ಎಂದರು. ನಾನು ಅವರ ಪಕ್ಕದಲ್ಲಿ ಕೂತೆ.

ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಮಾತಿನಲ್ಲಿ ಅವಸರವಿಲ್ಲ. "ಒಂದು ಕೇಳೂದೈತ್ರಿ ಸರ್. ಆ ದಿನ ನಾ ಊರಾಗ ಇರ್ಲಿಲ್ಲ. ನನ್ನ ಹೆಂಡ್ತಿ ಅಡಗೀ ಮನ್ಯಾಗ ರೊಟ್ಟಿ ಬಡಿಯಾಕತ್ತಿದ್ಲು. ಗ್ವಾಡಿ ಆಚಿಕಡೆ ಯವ್ವಾ ಅಂದದ್ದು ಆಕಿಗೆ ಕೇಳಿಸೇತಿ. ಓಣ್ಯಾಗಿನ ಯಾವುದೋ ಹುಡುಗ ಅವರವ್ವನ್ನ ಕರಿಯಾಕತ್ತೇತಿ ಅಂತ ತಿಳದು ಹಂಗ ಕುಂತಾಳ." ಅವರು ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತಿಕೊಂಡರು. "ಆಗ ಎದ್ದು ಓಡಿದ್ರ, ನಾಕ ಮಂದೀನ ಕೂಡಿಸಿದ್ರ ಮಗ ಉಳೀತಿದ್ದ, ನಾನ ಕೊಂದೆ ಅಂತಾಳ. ಊಟಕ್ಕ ಕುಂತ್ರೂ ಅದ, ಎದ್ರೂ ಅದ. ಹೌದೇನ್ರಿ ಸರ್? ಉಳೀತಿದ್ನೇನ್ರಿ?"

ಉತ್ತರ ಏನಿರಬಹುದೆಂದು ನನಗೆ ಒಂದು ಅಂದಾಜು ಇತ್ತು. ಆದರೆ ಅಂದಾಜನ್ನು ಉತ್ತರವೆಂದು ಹೇಳುವ ಅಭ್ಯಾಸ ನನಗಿಲ್ಲ. ಗುಂಡಿ ನೋಡದೆ ಮಣ್ಣು ಹೀಗಿದೆ ಎಂದು ನಾನು ಯಾರಿಗೂ ಹೇಳಿದವನಲ್ಲ.

"ಒಳಗಿನ ಗಾಳಿ ಎಂಥಾದಿತ್ತು ಅನ್ನೂದರ ಮ್ಯಾಲ ಐತ್ರಿ ಅದು. ತಿಳಕೊಂಡು ಹೇಳತೇನಿ," ಎಂದೆ.

"ತಿಳಕೊಂಡ ಹೇಳ್ರಿ. ಸಮಾಧಾನಕ್ಕ ಹೇಳಬ್ಯಾಡ್ರಿ. ಸಮಾಧಾನ ಹೇಳಾವ್ರು ಊರ ತುಂಬ ಅದಾರ. ಆಕಿ ಯಾರನ್ನೂ ನಂಬವಲ್ಲಳು." ಚೀಲ ಹೆಗಲಿಗೆ ಹಾಕಿಕೊಂಡರು. "ಮುಂದಿಂದು ಕಿತ್ತೂರಾಗ ಐತಂತಲ್ರಿ. ಬರತೇನಿ."

"ಅಲ್ಲೀ ತನಕಾ ನೀವು ಬರೂದೇನು ಬ್ಯಾಡ್ರಿ. ನಾನ ತಿಳಸತೇನಿ."

"ಮನ್ಯಾಗ ಕುಂತ ಏನ ಮಾಡ್ಲಿ ಸರ್?" ಎಂದರು.

ಮರುವಾರ ಆ ಊರಿಗೆ ಹೋಗಿ ಜಾಗ ನೋಡಿದೆ. ಕೆಲಸ ನಿಂತಿತ್ತು. ಹಗೇವನ್ನು ಆಗಲೇ ಗರಸಿನಿಂದ ತುಂಬಿ ಮೇಲೆ ಕಲ್ಲು ಜಡಿದಿದ್ದರು. ನೋಡಲು ಏನೂ ಉಳಿದಿರಲಿಲ್ಲ. ಗೌಂಡಿ ಸಿಕ್ಕ. ಅವನಿಂದ ಎರಡು ಸಂಗತಿ ತಿಳಿದವು. ಆ ಹೊತ್ತಿನಲ್ಲಿ ಊರಿನ ಹಿರಿಯರೊಬ್ಬರು ತೂತಿನೊಳಗೆ ಕಂದೀಲು ಇಳಿಸಿದ್ದರು. ಅದು ತೂತು ದಾಟುತ್ತಲೇ ಆರಿತ್ತು. ಕಂದೀಲು ಬರುವ ಮೊದಲೇ ಕೂಲಿಯವನೊಬ್ಬ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಇಳಿದಿದ್ದ. ಅವನು ಬದುಕಿದ್ದ, ನೇಸರಗಿಯವನು.

ಕಿತ್ತೂರಿನ ಪಾಠದ ದಿನ ಕಂಡಕ್ಟರು ನನಗಿಂತ ಮೊದಲೇ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಅಲ್ಲಿ ಅವರ ಗುರುತು ಯಾರಿಗೂ ಇರಲಿಲ್ಲ. ಪಕ್ಕದಲ್ಲಿದ್ದ ಯುವ ಗುತ್ತಿಗೆದಾರನೊಬ್ಬ ಕೆಣಕಿದ.

"ಏನ್ರಿ ಕಾಕಾ, ಈ ವಯಸ್ಸಿನ್ಯಾಗ ಎಂಜಿನಿಯರ್ ಆಗಾವ್ರೇನು?"

"ಆಗೂದಿಲ್ಲಪಾ. ಟಿಕೀಟ ತಗದೇನಿ, ಕಡೀ ಸ್ಟಾಪಿನ ತನಕಾ ಕೂಡತೇನಿ."

ಸುತ್ತ ಕೂತವರು ನಕ್ಕರು. ಅವರೂ ನಕ್ಕರು.

ಅಡಿಪಾಯದ ಪಾಠದಲ್ಲಿ ಆ ಮಾತು ಬಂದೇ ಬರುತ್ತದೆ. ಎಂಜಿನಿಯರು ತಾನೇ ತಳಕ್ಕೆ ಇಳಿಯಬೇಕು. ಅಲ್ಲಿಗೆ ಬಂದಾಗ ನನ್ನ ಕಣ್ಣು ಹಿಂದಿನ ಸಾಲಿಗೆ ಹೋಯಿತು. ಮಾತನ್ನು ಬಿಟ್ಟು ಮುಂದೆ ಹೋಗಬಹುದಿತ್ತು. ಬಿಡಲಿಲ್ಲ. ಆದರೆ ಆ ವರ್ಷದಿಂದ ಅದಕ್ಕೆ ಇನ್ನಷ್ಟು ಸೇರಿದೆ. ಹಳೆಯ ಮನೆಯ ಜಾಗವಾದರೆ ಹಗೇವನ್ನು ಕೇಳಿ. ಮನೆಯ ಗಂಡಸರನ್ನಷ್ಟೇ ಅಲ್ಲ, ಆ ಮನೆಯಿಂದ ಮದುವೆಯಾಗಿ ಬೇರೆ ಊರಿಗೆ ಹೋದ ಹಿರಿಯ ಹೆಣ್ಣುಮಕ್ಕಳನ್ನೂ ಹುಡುಕಿಕೊಂಡು ಹೋಗಿ ಕೇಳಿ. ಸೊಂಟಕ್ಕೆ ಹಗ್ಗವಿಲ್ಲದೆ, ಮೇಲೆ ಒಬ್ಬ ಮನುಷ್ಯನಿಲ್ಲದೆ ಇಳಿಯಬೇಡಿ.

ಚಹಾದ ಹೊತ್ತಿಗೆ ಅವರು ನನ್ನ ಹತ್ತಿರ ಬಂದು ನಿಂತರು.

"ಅವಾ ಇಳದದ್ದು ನೀವು ಹಿಂಗ ಹೇಳಿದ್ರಂತ ಏನ್ರಿ?"

"ಹೌದ್ರಿ."

ಅವರು ಬಶಿಗೆ ಚಹಾ ಸುರಿದುಕೊಂಡು ಕುಡಿದರು. "ಮಂದಿ ಅಂತಿದ್ರು, ಎಂಜಿನಿಯರ್ ಆದಾಂವ ತಗ್ಗಿನ್ಯಾಗ ಇಳಿಯೂದ ಏನಿತ್ತು, ಆಳಿಗೆ ಹೇಳಿದ್ರ ಆಗತಿತ್ತಲ್ಲ ಅಂತ. ಹಂಗಲ್ಲ ಅಂದಂಗಾತು. ಕೆಲಸಾನ ಅದು." ಖಾಲಿ ಬಶಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತರು. "ನಮ್ಮಪ್ಪ ಹಗೇವ ತಗಿಯೋ ದಿನ ಒಂದು ದಿನಾ ಪೂರಾ ಬಾಯಿ ತೆರದ ಬಿಡತಿದ್ದ್ರಿ. ಆಮ್ಯಾಲ ಕಂದೀಲ ಇಳಸಾಂವ. ಕಂದೀಲ ಉರದ್ರ ಮನಶ್ಯಾ ಇಳೀಬೇಕು. ಇದು ನನಗ ಗೊತ್ತಿತ್ತು. ಹೇಳೂ ಪ್ರಸಂಗ ಬರ್ಲಿಲ್ಲ."

ಹೇಳಿದ್ದರೂ ಪ್ರಯೋಜನವಿರುತ್ತಿರಲಿಲ್ಲ, ಅವನು ಹಗೇವಿಗೆ ಇಳಿದವನಲ್ಲ, ಬಿದ್ದವನು ಎಂದೆ. ಅವರು ತಲೆಯಾಡಿಸಿದರು.

ಹಗ್ಗ ಕಟ್ಟಿಕೊಂಡು ಇಳಿದವನನ್ನು ನೇಸರಗಿಯ ಸಂತೆಯ ದಿನ ಹಿಡಿದೆ. ಚಹಾದಂಗಡಿಯ ಮುಂದೆ ನಾಲ್ಕು ಮಂದಿಯ ನಡುವೆ ಕೂತಿದ್ದ. ಮೂವತ್ತರ ಆಸುಪಾಸಿನವನು, ಅಗಲ ಹೆಗಲು. ನಾನು ಯಾಕೆ ಬಂದೆನೆಂದು ಹೇಳುತ್ತಲೇ ಜೊತೆಯವರು ಶುರು ಮಾಡಿದರು.

"ಕೇಳ್ರಿ ಸರ್, ಕೇಳ್ರಿ. ಯಮನ ಮನಿ ತನಕಾ ಹೋಗಿ ಚಾ ಕುಡೀಲಾರದ ವಾಪಸ್ ಬಂದಾಂವ ಇವ."

"ಯಮನ ಹೆಂಡ್ತಿ ಒಳಗ ಬಿಟ್ಟಕೊಳ್ಳಿಲ್ಲಂತ್ರಿ, ಕಾಲ ತೊಳಕೊಂಡಿಲ್ಲ ಅಂತ!"

"ಲೇ, ಸುಮ್ಮ ಕುಂದರ್ರೋ," ಎಂದು ಅವನೂ ನಗುತ್ತಲೇ ಎದ್ದ. ನನ್ನನ್ನು ಪಕ್ಕದ ಬೇವಿನ ಗಿಡದ ನೆರಳಿಗೆ ಕರೆದುಕೊಂಡು ಹೋದ. ಅಲ್ಲಿ ಮುಟ್ಟುವಷ್ಟರಲ್ಲಿ ನಗು ಹೋಗಿತ್ತು.

"ಎಷ್ಟು ಇಳಿದಿ?" ಎಂದು ಕೇಳಿದೆ.

"ತಳಾ ಮುಟ್ಟಲಿಲ್ರಿ. ತೂತಿನಾಗ ತಲಿ ಹೋತು ನೋಡ್ರಿ, ಹುಳಿ ಹುಳಿ ವಾಸನಿ. ಕೆಳಗ ಅವರ ಅಂಗಿ ಕಂಡಂಗಾತು. ಸಾಹೇಬ್ರ ಅನಬೇಕಂತ ಬಾಯಿ ತೆರದೇನಿ. ಅಷ್ಟ ನೆನಪೈತ್ರಿ. ಆಮ್ಯಾಲ ಕಣ್ಣ ತೆರದ್ರ ಮ್ಯಾಲ ಮಲಗೇನಿ, ಮಾರಿ ಮ್ಯಾಲ ನೀರು ಹೊಡಿಯಾಕತ್ತಾರ."

"ಕೂಗಿದೇನು?"

"ಕೂಗಾಕ ಉಸರು ಬೇಕಲ್ರಿ. ಮ್ಯಾಲಿನವ್ರು ಅಂತಾರ, ನನ್ನ ದನೀನ ಬರಲಿಲ್ಲಂತ. ಹಗ್ಗ ಜೋಲಿ ಹೊಡದದ್ದು ನೋಡಿ ಎಳದಾರ." ಅವನು ತನ್ನ ಸೊಂಟವನ್ನು ತಾನೇ ಮುಟ್ಟಿ ನೋಡಿಕೊಂಡ. "ಹಗ್ಗ ಬ್ಯಾಡಂದಿದ್ದೆ ಸರ್. ಗೌಂಡಿ ಕಾಕಾ ಬೈದು ಕಟ್ಟಿದ. ಆ ಸಾಹೇಬ್ರು ನನಗ ಎಂದೂ ಏಯ್ ಅಂತ ಕರದವ್ರಲ್ರಿ. ಹೆಸರ ಹಿಡದ ಕರೀತಿದ್ರು."

ಅಂದು ಸಂಜೆ ಸುರಂಗದ ಗೆಳೆಯನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವನು ಅಡ್ಡ ಮಾತಾಡದೆ ಕೇಳಿದ. ಸುರಂಗದಲ್ಲಿ ಗಾಳಿ ಕೊಳವೆ ಮುಟ್ಟದ ಹಳೆಯ ಕವಲಿನೊಳಗೆ ಹೋದ ಒಬ್ಬನನ್ನು ತಾನು ನೋಡಿದ್ದನ್ನು ಹೇಳಿದ. ಸತ್ತವನು ಗೋಡೆಗೆ ಒರಗಿ ಕೂತಿದ್ದನಂತೆ, ದಣಿದು ಕೂತವನ ಹಾಗೆ.

"ಅಂಥಾ ಗಾಳ್ಯಾಗ ಒಂದೆರಡು ಉಸರಿನ್ಯಾಗ ಎಚ್ಚರಾ ಹೋಗತದೋ. ಮನಶ್ಯಾಗ ತಾನು ಸಾಯಾಕತ್ತೇನಿ ಅನ್ನೂದೂ ತಿಳಿಯೂದಿಲ್ಲ. ಆದ್ರ ಎಚ್ಚರಾ ಹೋದ ಮ್ಯಾಲೂ ಸ್ವಲ್ಪ ಹೊತ್ತು ಜೀವ ಇರತದ. ಅದನ್ನ ಮುಚ್ಚಿಡಬ್ಯಾಡ."

"ಮುಚ್ಚಿಡೂದಿಲ್ಲ," ಎಂದೆ.

"ಅಷ್ಟರಾಗ ಎತ್ತಬೇಕಂದ್ರ ಆ ಹುಡುಗನ ಸೊಂಟಕ್ಕ ಹಗ್ಗ ಇರಬೇಕಿತ್ತು. ಇಲ್ಲಾ ಇಳಿಯಾವ್ರ ಬೆನ್ನಿಗೆ ಗಾಳಿ ಸಿಲಿಂಡರ್ ಇರಬೇಕಿತ್ತು. ಇಲ್ಲದ ಇಳದಿದ್ರ ಅವರನ್ನೂ ತಗೀಬೇಕಾಗತಿತ್ತು. ತಾಯಿ ಹೋಗಿದ್ರ ತಾಯೀನೂ."

ಈಗ ನನ್ನ ಬಳಿ ಉತ್ತರವಿತ್ತು. ಆದರೆ ಸವದತ್ತಿಯ ಪಾಠಕ್ಕೆ ಅವರು ಬರಲಿಲ್ಲ. ಹೆಂಡತಿಗೆ ಆರಾಮವಿಲ್ಲ, ರಾಮದುರ್ಗಕ್ಕೆ ಬರುತ್ತೇನೆ ಎಂದು ಯಾರ ಕೈಯಲ್ಲೋ ಹೇಳಿಕಳಿಸಿದ್ದರು. ಫೋನಿನಲ್ಲಿ ಹೇಳುವ ಮಾತಲ್ಲವೆಂದು ನಾನೂ ಸುಮ್ಮನಿದ್ದೆ. ಆ ದಿನ ಎರೆಮಣ್ಣಿನ ಪಾಠ ಮಾಡಿದೆ. ಮಳೆಗೆ ಹೇಗೆ ಉಬ್ಬುತ್ತದೆ, ಬಿಸಿಲಿಗೆ ಕೈ ಹೋಗುವಷ್ಟು ಹೇಗೆ ಬಿರಿಯುತ್ತದೆ, ಮೇಲೆ ಕಟ್ಟಿದ ಗೋಡೆಯನ್ನು ವರ್ಷ ವರ್ಷ ಎತ್ತಿ ಇಳಿಸಿ ಹೇಗೆ ಸೀಳುತ್ತದೆ, ಅದನ್ನು ದಾಟಿ ಕೆಳಗಿನ ಗಟ್ಟಿ ನೆಲ ಹಿಡಿಯಲು ತಳದಲ್ಲಿ ಕೊಡದಂತೆ ಅಗಲವಾಗುವ ಕಂಬವನ್ನು ಹೇಗೆ ಇಳಿಸುತ್ತಾರೆ. ವರ್ಷಗಳಿಂದ ಹೇಳಿದ ಪಾಠ. ಬಾಯಿ ತಾನೇ ಹೇಳುತ್ತಿತ್ತು. ಖಾಲಿಯಿದ್ದ ಹಿಂದಿನ ಸಾಲಿನ ಕುರ್ಚಿಯ ಕಡೆಗೆ ಮತ್ತೆ ಮತ್ತೆ ನೋಡಿದೆ.

ರಾಮದುರ್ಗಕ್ಕೆ ಅವರು ಬಂದರು. ಸೊರಗಿದ್ದರು. ಮಾತಾಡಲು ಹೊತ್ತು ಸಿಗಲಿಲ್ಲ, ಹತ್ತಾಗಿತ್ತು.

ಬಂಡೆ ಒಡೆಯುವುದು, ಸಡಿಲ ಕಲ್ಲನ್ನು ಬಡಿದು ಉದುರಿಸುವುದು, ಮೇಲ್ಛಾವಣಿಗೆ ಉಕ್ಕಿನ ಕಮಾನು ಕೊಡುವುದು ಎಲ್ಲ ಹೇಳಿ ಗಾಳಿಯ ವಿಷಯಕ್ಕೆ ಬಂದೆ. ಸುರಂಗದೊಳಗೆ ಕಾಲಿಡುವ ಮೊದಲು ಗಾಳಿ ಅಳೆಯುವ ಯಂತ್ರ ಒಳಗೆ ಹೋಗಬೇಕು, ಆಮೇಲೆ ಮನುಷ್ಯ. ಕಣ್ಣಿಗೆ ಕಾಣದ ಈ ಒಂದು ವಸ್ತುವಿಗೆ ಬಂಡೆಗಿಂತ ಹೆಚ್ಚು ಹೆದರಬೇಕು.

ನಡುವಿನ ಸಾಲಿನಿಂದ ಒಬ್ಬ ಗುತ್ತಿಗೆದಾರ ಎದ್ದ. "ಸರ್, ಹೊರಗ ಹೋಗಾವ್ರಿಗೆ ಇದು ಚಲೋ ಆತು. ನಾವು ಇಲ್ಲೇ ಮನೀ ಕಟ್ಟಾವ್ರು. ನಮ್ಮೂರಾಗ ಸುರಂಗ ಎಲ್ಲಿ ಅದಾವ್ರಿ?"

ಕೆಲವರು ನಕ್ಕರು. ಹಿಂದಿನಿಂದ ಕಂಡಕ್ಟರರ ದನಿ ಬಂತು.

"ಹಗೇವು ಅದಾವಲ್ಲಪಾ."

ಎಲ್ಲರೂ ತಿರುಗಿ ನೋಡಿದರು. ಅವರು ಎದ್ದು ನಿಂತರು. ತಾನು ಯಾರ ತಂದೆ ಎಂದು ಹೇಳಿದರು. ಆ ಘಟನೆ ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಪ್ರಶ್ನೆ ಕೇಳಿದವನು ಮೆಲ್ಲನೆ ಕೂತ. ಕಂಡಕ್ಟರು ನನ್ನ ಕಡೆ ತಿರುಗಿ, "ತಿಳಕೊಂಡ್ರೇನ್ರಿ ಸರ್?" ಎಂದರು.

"ತಿಳಕೊಂಡೇನ್ರಿ."

"ಹಂಗಾರ ಇಲ್ಲೇ ಹೇಳ್ರಿ. ಇವರೂ ಕೇಳಲಿ."

ಹೇಳಿದೆ. ಬೋರ್ಡಿನ ಮೇಲೆ ಹಗೇವಿನ ಚಿತ್ರ ಬರೆದೆ. ಕಂದೀಲು ಆರಿದ ಜಾಗವನ್ನು ಗುರುತಿಸಿದೆ. ಹಗ್ಗ ಕಟ್ಟಿಕೊಂಡವನ ತಲೆ ತೂತಿನೊಳಗೆ ಹೋದೊಡನೆ ಎಚ್ಚರ ತಪ್ಪಿದ್ದು, ಅವನ ದನಿಯೇ ಹೊರಡದಿದ್ದದ್ದು ಹೇಳಿದೆ. ಮಗ ಕೂಗಿದ್ದು ನಿಜವಿರಬಹುದು ಎಂದೆ. ಬೀಳುವಾಗ ಎದೆಯಲ್ಲಿ ಮೇಲಿನ ಒಳ್ಳೆಯ ಗಾಳಿ ಇರುತ್ತದೆ, ಅದರಲ್ಲಿ ಒಂದು ಸಲ ಕೂಗಬಹುದು. ಕೂಗಿದ ಮೇಲೆ ಎಳೆದುಕೊಂಡ ಉಸಿರು ಹಗೇವಿನದು. ಅದರಾಚೆ ಅವನಿಗೆ ಏನೂ ತಿಳಿದಿರುವುದಿಲ್ಲ. ಜೀವ ಇನ್ನೂ ಸ್ವಲ್ಪ ಹೊತ್ತು ಇದ್ದಿರುತ್ತದೆ. ಆದರೆ ಅಷ್ಟರಲ್ಲಿ ಅವನನ್ನು ಮೇಲೆ ತರುವ ಸಾಧನ ಆ ಊರಿನಲ್ಲಿ ಯಾರ ಬಳಿಯೂ ಇರಲಿಲ್ಲ. ಯಾರು ಓಡಿ ಬಂದಿದ್ದರೂ, ಎಷ್ಟು ಬೇಗ ಬಂದಿದ್ದರೂ, ಅವನು ಉಳಿಯುತ್ತಿರಲಿಲ್ಲ. ಬಂದವರು ಇಳಿದಿದ್ದರೆ ಅವರೂ ಉಳಿಯುತ್ತಿರಲಿಲ್ಲ.

ಇದನ್ನು ನಾನು ಪಾಠದ ದನಿಯಲ್ಲೇ ಹೇಳಿದೆ. ಬೇರೆ ದನಿಯಲ್ಲಿ ಹೇಳಲು ಹೋಗಿದ್ದರೆ ಮುಗಿಸಲು ಆಗುತ್ತಿರಲಿಲ್ಲ.

ಕಂಡಕ್ಟರು ನಿಂತೇ ಕೇಳಿದರು. ಮುಗಿದ ಮೇಲೆ, "ಇದನ್ನ ಹಿಂಗ, ಚಿತ್ರಾ ತಗದು, ಆಕಿ ಮುಂದ ಹೇಳ್ರಿ ಸರ್. ಇವತ್ತ ಬರ್ರಿ. ನಾ ಹೇಳಿದ್ರ ಗಂಡಾ ಸಮಾಧಾನಕ್ಕ ಹೇಳತಾನ ಅಂತಾಳ," ಎಂದರು.

ಸಭೆ ಮುಗಿಸಿ ಇಬ್ಬರೂ ಬಸ್ಸು ಹತ್ತಿದೆವು. ದಾರಿಯಲ್ಲಿ ಅವರು ಬಹಳ ಮಾತಾಡಿದರು. ಎಷ್ಟೋ ದಿನದ ಮೇಲೆ ಹಗುರಾದವರ ಹಾಗೆ ಕಂಡರು. ಈ ದಾರಿಯಲ್ಲಿ ತಾವು ಕಂಡಕ್ಟರಾಗಿದ್ದಾಗ ಟಿಕೀಟು ಉಳಿಸಲು ಕುರಿಮರಿಯನ್ನು ಕಂಬಳಿಯಲ್ಲಿ ಸುತ್ತಿ ಕೂಸೆಂದು ಹೇಳಿದ ಅಜ್ಜಿಯ ಕತೆ ಹೇಳಿದರು. ಕೂಸು ಬ್ಯಾ ಎಂದಿತಂತೆ. "ನೆಗಡಿ ಆಗೇತ್ರಿ ಕೂಸಿಗೆ ಅಂದ್ಲು ಸರ್ ಆಕಿ!" ಎಂದು ನಕ್ಕರು. ಆಮೇಲೆ ಕಿಟಕಿಯ ಕಡೆ ನೋಡುತ್ತ, "ಇನ್ನರ ಆಕಿ ಊಟಾ ಮಾಡ್ಯಾಳು," ಎಂದರು.

ಮನೆಯಲ್ಲಿ ಅವರ ಹೆಂಡತಿ ನನಗೆ ಚಹಾ ಕೊಟ್ಟು ಅಡುಗೆಮನೆಯ ಹೊಸ್ತಿಲಿಗೆ ಒರಗಿ ಕೂತರು. ಸಣ್ಣ ದೇಹದ ಹೆಂಗಸು, ಹಣೆಯಲ್ಲಿ ವಿಭೂತಿ. ಅವರ ಹಿಂದೆ ಒಲೆ, ಒಲೆಯ ಹಿಂದೆ ಆ ಗೋಡೆ. ಸೀಮೆಸುಣ್ಣ ತೆಗೆದು ಕಡಪಾ ಕಲ್ಲಿನ ನೆಲದ ಮೇಲೆ ಮತ್ತೆ ಹಗೇವಿನ ಚಿತ್ರ ಬರೆದೆ. ಸಭೆಯಲ್ಲಿ ಹೇಳಿದ್ದನ್ನೆಲ್ಲ, ಏನೂ ಬಿಡದೆ, ಏನೂ ಸೇರಿಸದೆ ಹೇಳಿದೆ. ಅವರು ಚಿತ್ರವನ್ನೇ ನೋಡುತ್ತಿದ್ದರು. ಅಳಲಿಲ್ಲ.

"ಒಂದ ಸಲಾನ ಒದರಿರತಾನ ಅಂತೀರಿ," ಎಂದರು.

"ಹೌದು ತಂಗಿ. ಎರಡನೇ ಸಲಕ್ಕ ಉಸರು ಇರೂದಿಲ್ಲ."

"ನಾ ಕೇಳಿದ್ದೂ ಒಂದ ಸಲಾನ್ರಿ."

"ನೀವು ಆಗ ಎದ್ದು ಓಡಿದ್ರೂ ಅವಾ ಉಳೀತಿರ್ಲಿಲ್ಲ. ಇದು ನಾ ನಿಮ್ಮ ಸಮಾಧಾನಕ್ಕ ಹೇಳೂದಲ್ಲ ತಂಗಿ. ವಿಚಾರ ಮಾಡಿ, ಕೇಳಿ ತಿಳಕೊಂಡು ಹೇಳಾಕತ್ತೇನಿ."

"ಗೊತ್ತಾತ್ರಿ. ನೀವು ಅವನ ಮಾಸ್ತರು, ಸುಳ್ಳು ಹೇಳೂದಿಲ್ಲ. ಉಳೀತಿರ್ಲಿಲ್ಲ." ಅವರು ಗಂಡನ ಕಡೆ ಒಮ್ಮೆ ನೋಡಿ ನನ್ನ ಕಡೆ ತಿರುಗಿದರು. "ಅದು ಬ್ಯಾರೆ ಮಾತು ಬಿಡ್ರಿ ಸರ್. ಮಗ ಕರದಾಗ ಓ ಅನಬೇಕಿತ್ತು. ಅದಕ್ಕ ಓಡೂದೇನು ಬೇಕಾಗಿರ್ಲಿಲ್ಲ. ಇಲ್ಲೇ ಒಲಿ ಮುಂದ, ಕೈಯಾಗ ಹಿಟ್ಟು ಹಿಡಕೊಂಡನ ಅನಬೌದಿತ್ತು. ಅವ್ವ ಓ ಅಂದ್ಲು ಅನ್ನೂದನ್ನರ ಕೇಳಿ ಹೋಗತಿದ್ದ."

ನಾನು ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡೆ. ಅವರು ಎದ್ದು, ನನ್ನ ಖಾಲಿ ಕಪ್ಪು ತೆಗೆದುಕೊಂಡು, ಚಿತ್ರವನ್ನು ತುಳಿಯದ ಹಾಗೆ ಬದಿಯಿಂದ ಹಾಯ್ದು ಒಳಗೆ ಹೋದರು.

ಕಂಡಕ್ಟರು ನನ್ನನ್ನು ಬಸ್ಸಿಗೆ ಕಳಿಸಲು ಬಂದರು. ಊರ ಮುಂದಿನ ಕಟ್ಟೆಯ ಬಳಿ ನಿಂತೆವು. ಹೊಲಗಳಲ್ಲಿ ಜೋಳ ಮೊಣಕಾಲೆತ್ತರ ಬಂದಿತ್ತು. ಬಸ್ಸಿನಲ್ಲಿ ಕಂಡ ಆ ಹಗುರತನ ಅವರಲ್ಲಿ ಉಳಿದಿರಲಿಲ್ಲ.

"ಮೂರ ಊರಿಗೆ ನಿಮ್ಮ ಬೆನ್ನ ಹತ್ತಿದೆ ಸರ್," ಎಂದರು. "ಆಕಿ ಉಳಸೂದರ ಬಗ್ಗೆ ಅನ್ನಾಕತ್ತಾಳ ಅಂತ ತಿಳದಿದ್ದೆ. ಆಕಿ ಮನಸಿನ್ಯಾಗ ಇದ್ದದ್ದು ಇದು. ಒಂದ ಮನ್ಯಾಗ ಇದ್ದು ನನಗ ತಿಳೀಲಿಲ್ಲ ನೋಡ್ರಿ."

"ಆಕೀಗೂ ಇವತ್ತ ತಿಳದಿರಬೇಕ್ರಿ," ಎಂದೆ. "ಉಳಸೂದರ ಮಾತು ದಾಟಿದ ಮ್ಯಾಲ."

"ಇರಬೇಕು." ಅವರು ಓಣಿಯ ಕಡೆ ನೋಡಿದರು. "ಬಸ್ಸು ಇನ್ನೇನು ಬರತೇತ್ರಿ. ನಾ ಹೋಗ್ಲೇನು? ಒಬ್ಬಾಕೀನ ಅದಾಳ."

ಹೋಗಿರೆಂದೆ. ಅವರು ಬೇಗ ಬೇಗ ನಡೆದರು. ಅವರ ಮನೆ ಓಣಿಯ ತುದಿಯಲ್ಲಿ, ನಾನು ನಿಂತಲ್ಲಿಗೆ ಬಾಗಿಲು ಕಾಣುತ್ತಿತ್ತು. ಬಾಗಿಲು ಮುಟ್ಟುವ ಮೊದಲೇ, ಇನ್ನೂ ಓಣಿಯಲ್ಲಿರುವಾಗಲೇ, ಅವರು ಹೆಂಡತಿಯನ್ನು ಗಟ್ಟಿಯಾಗಿ ಕರೆದರು. ಆ ಕಡೆಯ ಗಂಡಸರು ಹಾಗೆ ಓಣಿಯಿಂದ ಹೆಂಡತಿಯ ಹೆಸರು ಹಿಡಿದು ಕೂಗುವುದು ಕಡಿಮೆ. ಕೂಗಿ, ಅಲ್ಲೇ ನಿಂತು ಕಾದರು.

ಒಳಗಿನಿಂದ ಓ ಎಂಬ ಉತ್ತರ ಬಂತೋ ಇಲ್ಲವೋ ನಾನು ಹೇಳಲಾರೆ. ಅಷ್ಟರಲ್ಲಿ ಬಸ್ಸು ಬಂದು ನಡುವೆ ನಿಂತಿತು.